ಎರ್ಮೆಕ್ ತಾನಾಗಿ ಒಳಗೆ ಹೋಗಲಿಲ್ಲ

ಜಿಲ್ಲಾ ಅಗ್ನಿಶಾಮಕ ಇಲಾಖೆಯ ಮುಖ್ಯಸ್ಥರಾದ ಮಾನ್ಯರೇ,

ನೀವು ಸಹಿ ಹಾಕಿದ ಒಂದು ಕಾಗದದಲ್ಲಿ ಸುಳ್ಳಿದೆ. ಅದನ್ನು ತಿದ್ದಿಕೊಡಿ ಎಂದು ಕೇಳುವುದಕ್ಕೆ ಪತ್ರಿಕೆಯ ಮೂಲಕ ಈ ಬಹಿರಂಗ ಪತ್ರ. ಇದೇ ಮಾತನ್ನು ಇಲಾಖೆಯ ರಾಜಮಾರ್ಗದಲ್ಲೇ ಮೂರು ಸಲ ಬರೆದು ಕಳಿಸಿದ್ದೆ. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದಕ್ಕೆ "ಗಮನಿಸಲಾಗಿದೆ" ಎಂದು ಬಂತು. ಮೂರನೆಯದಕ್ಕೆ ಉತ್ತರದ ಬದಲು ಒಂದು ಅರ್ಜಿ ನಮೂನೆ ಬಂತು. ಬೆಣ್ಣೆಯಂಥ ಕಾಗದ, ಮೇಲೆ ನಮ್ಮ ದೇಶದ ಲಾಂಛನ, ಕೆಳಗೆ ದಪ್ಪ ಅಕ್ಷರದಲ್ಲಿ ಶೀರ್ಷಿಕೆ: "ದುರಂತದ ನಂತರ ನಾನು ಕಂಡುಕೊಂಡ ಧೈರ್ಯ ಮತ್ತು ಬದುಕಿನ ಆಳವಾದ ಅರ್ಥ." ತೋರ್ತ್-ತೆರೆಕ್ ಠಾಣೆಯ ಪ್ರತಿಯೊಬ್ಬ ಸಿಬ್ಬಂದಿಯೂ ಹತ್ತು ದಿನದೊಳಗೆ ಭರ್ತಿ ಮಾಡಿ ಕಳಿಸತಕ್ಕದ್ದು. ನಮ್ಮ ದಳದ ಎರ್ಮೆಕ್ ಬೆಂಕಿಯಲ್ಲಿ ಸತ್ತು ವರ್ಷ ತುಂಬುವ ದಿನ ಅದನ್ನೆಲ್ಲ ಪುಸ್ತಕ ಮಾಡಿ ಹಂಚುತ್ತೀರಂತೆ.

ನಾಲ್ಕನೆಯ ಪ್ರಶ್ನೆಯನ್ನು ನಾನು ಬಹಳ ಹೊತ್ತು ನೋಡಿದೆ. "ಈ ಘಟನೆ ನಿಮ್ಮ ಬದುಕಿಗೆ ಯಾವ ಆಳವಾದ ಅರ್ಥವನ್ನು ನೀಡಿತು? ಐದು ಸಾಲು ಮೀರದಂತೆ ಬರೆಯಿರಿ." ಆರನೆಯ ಸಾಲಿಗೆ ಹೋದರೆ ಅರ್ಥದ ಆಳ ಜಾಸ್ತಿಯಾಗಿ ಬರೆಯುವವನೇ ಮುಳುಗಿಹೋದಾನು ಎಂಬ ಕಾಳಜಿ ಇರಬೇಕು ನಿಮಗೆ. ನಮ್ಮ ಗಾಡಿಯ ಚಾಲಕ ಸಾಪಾರ್ ಎರಡನೆಯ ಪ್ರಶ್ನೆಯಲ್ಲೇ ಸಿಕ್ಕಿಹಾಕಿಕೊಂಡ. ಪೆನ್ನು ಕಿವಿಗೆ ಸಿಕ್ಕಿಸಿಕೊಂಡು, ಹಿರಿಯಣ್ಣನನ್ನು ಕೇಳುವ ಹಾಗೆ, "ಧೈರ್ಯ ಎಲ್ಲಿ ಸಿಕ್ತು ಅಂತ ಕೇಳಿದ್ದಾರಲ್ಲ ಬಾಯ್ಕೆ, ಏನು ಬರೀಲಿ? ಬಜಾರಿನಲ್ಲಿ, ಒಣದ್ರಾಕ್ಷಿ ಮಾರೋ ಸಾಲಿನಲ್ಲಿ, ಬಲಗಡೆ ಮೂರನೇ ಅಂಗಡಿ ಅಂತ ಬರೀಲಾ?" ಎಂದ. ಬರೆಯೋ ಎಂದೆ. ಬರೆದ. ಅದು ಈಗ ನಿಮ್ಮ ಮೇಜಿನ ಮೇಲಿರಬಹುದು. ದಯವಿಟ್ಟು ಅಚ್ಚು ಹಾಕಿಸಿ.

ನಾನು ಮಾತ್ರ ಆ ನಮೂನೆ ತುಂಬಲಿಲ್ಲ. ನನಗೆ ಏನೂ ಅನ್ನಿಸುತ್ತಿಲ್ಲ, ಮಾನ್ಯರೇ. ಇದನ್ನು ದುಃಖದ ಅಲಂಕಾರಕ್ಕೆ ಹೇಳುತ್ತಿಲ್ಲ. ಒಂದು ವರ್ಷದಿಂದ ನನಗೆ ಅಳು ಬಂದಿಲ್ಲ, ಸಿಟ್ಟು ಬಂದಿಲ್ಲ, ಹಸಿವು, ರುಚಿ ಕೂಡ ಸರಿಯಾಗಿ ಗೊತ್ತಾಗಿಲ್ಲ. ಹೋದ ತಿಂಗಳು ನನ್ನ ಹೆಂಡತಿ ಸಾರು ಬಡಿಸಿ ಎದುರಿಗೇ ಕುಳಿತಿದ್ದಳು. ನಾನು ಉಂಡು ಇನ್ನಷ್ಟು ಹಾಕು ಎಂದೆ. ಅವಳು ಹಾಕದೆ ಅಳತೊಡಗಿದಳು. "ಬೇಕಂತಲೇ ಎರಡು ಸಲ ಉಪ್ಪು ಹಾಕಿದ್ದೆ. ಬೈತೀಯಾ ಅಂತ ಕಾಯ್ತಾ ಇದ್ದೆ. ಬೈಯೋದೂ ಮರೆತುಹೋಯ್ತಾ ನಿಂಗೆ?" ಎಂದಳು. ಬೈಯಲು ನೋಡಿದೆ. ಬರಲಿಲ್ಲ. ಇಂಥವನ ಹತ್ತಿರ ನೀವು ಆಳವಾದ ಅರ್ಥ ಕೇಳುತ್ತಿದ್ದೀರಿ.

ಈಗ ಸುಳ್ಳಿನ ವಿಷಯಕ್ಕೆ ಬರುತ್ತೇನೆ. ಎರ್ಮೆಕ್‌ಗೆ ಮರಣಾನಂತರ ಕೊಟ್ಟ ಪದಕದ ಜೊತೆಗಿನ ಪತ್ರದಲ್ಲಿ ಹೀಗಿದೆ: "ಆದೇಶಕ್ಕೂ ಕಾಯದೆ, ತನ್ನ ಪ್ರಾಣದ ಹಂಗು ತೊರೆದು, ಸ್ವಇಚ್ಛೆಯಿಂದ ಉರಿಯುವ ಕಟ್ಟಡವನ್ನು ಪ್ರವೇಶಿಸಿದ ವೀರ." ಮುಂದಿನ ವಾರ ಇದೇ ವಾಕ್ಯವನ್ನು ಅಮೃತಶಿಲೆಯಲ್ಲಿ ಕೆತ್ತಿಸಿ ನಮ್ಮ ಠಾಣೆಯ ಗೋಡೆಗೆ ಹಾಕುತ್ತೀರಿ. ಓದಲು ಚೆನ್ನಾಗಿದೆ. ಕೇಳಿದವರ ಎದೆ ಉಬ್ಬುತ್ತದೆ. ಆದರೆ ಎರ್ಮೆಕ್ ತಾನಾಗಿ ಒಳಗೆ ಹೋಗಲಿಲ್ಲ. ನಾನು ಕಳಿಸಿದೆ. ದಳದ ನಾಯಕನಾದ ನಾನು ಆದೇಶ ಕೊಟ್ಟು, ಒಬ್ಬನನ್ನೇ ಕಳಿಸಿದೆ. ಇದು ನಿಮಗೆ ಗೊತ್ತು. ನನಗೆ ಗೊತ್ತು ಎಂಬುದೂ ನಿಮಗೆ ಗೊತ್ತು.

ಹೋದ ವರ್ಷ, ಹೊಸವರ್ಷದ ನೂರುಜ್ ಹಬ್ಬಕ್ಕೆ ಎರಡು ದಿನ ಇತ್ತು. ನಮ್ಮ ಠಾಣೆಯಲ್ಲಿ ಎರಡು ಗಾಡಿ. ಒಂದೊಂದು ಗಾಡಿಗೆ ಆರು ಜನ ಇರಬೇಕೆಂದು ನಿಯಮ. ಆ ದಿನ ಎರಡನೆಯ ಗಾಡಿ, ಅದರ ಜನ, ಸಾಲದ್ದಕ್ಕೆ ನಮ್ಮ ಗಾಡಿಯ ಮೂವರು, ಎಲ್ಲರೂ ಊರ ಚೌಕದಲ್ಲಿದ್ದರು. ಯಾವ ಬೆಂಕಿ ಆರಿಸುತ್ತಿದ್ದರು? ಯಾವುದೂ ಇಲ್ಲ. ಹಬ್ಬದ ದಿನ ನೀವು ಬಂದು ಭಾಷಣ ಮಾಡುವವರಿದ್ದಿರಿ. ನಿಮ್ಮ ಬೂಟಿಗೆ ಧೂಳು ತಾಗಬಾರದೆಂದು ಚೌಕದ ಕಲ್ಲುಹಾಸನ್ನು ತೊಳೆಯುತ್ತಿದ್ದರು. ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂದು ಹಿಂದಿನವರು ನಗುತ್ತಿದ್ದರು. ಬೆಂಕಿ ಬಿದ್ದಾಗ ನೆಲ ತೊಳೆದವರನ್ನು ಅವರು ಕಂಡಿರಲಿಲ್ಲ ಅಷ್ಟೆ.

ಹಳೆಯ ಹತ್ತಿ ಗೋದಾಮಿನಲ್ಲಿ ನಡೆಯುವ ಹೊಲಿಗೆ ಕಾರ್ಖಾನೆಗೆ ಬೆಂಕಿ ಬಿದ್ದಿದೆ ಎಂದು ಮಧ್ಯಾಹ್ನ ಎರಡೂ ಹತ್ತಕ್ಕೆ ಕರೆ ಬಂತು. ಹೋದದ್ದು ಮೂರೇ ಜನ. ನಾನು, ಸಾಪಾರ್, ಎರ್ಮೆಕ್. ನೀರಿನ ಯಂತ್ರ ಬಿಟ್ಟು ಸಾಪಾರ್ ಅಲ್ಲಾಡುವಂತಿಲ್ಲ. ಹೊಲಿಯುವ ಹೆಂಗಸರು ನಲವತ್ತು ಜನ ಆಗಲೇ ಹೊರಗೆ ಬಂದು ಕೆಮ್ಮುತ್ತ ನಿಂತಿದ್ದರು. ಎಲ್ಲ ಬಂದಿರಾ ಎಂದು ಕೂಗಿದೆ. ಒಬ್ಬಳು ಓಡಿಬಂದು, ತಮ್ಮಲ್ಲಿ ಹಿರಿಯಕ್ಕನೊಬ್ಬಳು ಕಾಣುತ್ತಿಲ್ಲವೆಂದು ನನ್ನ ತೋಳು ಹಿಡಿದು ಜಗ್ಗಿದಳು. "ಶಾಯಿರ್ ಎಜೆ ಒಳಗಿದ್ದಾಳೆ! ಇಸ್ತ್ರಿ ಕೋಣೆಲಿ! ಊಟ ಆದ್ಮೇಲೆ ಅಲ್ಲೇ ಮಲಗ್ತಾಳೆ ಅವಳು, ದಿನಾ! ಅಯ್ಯೋ, ನೋಡ್ತಾ ನಿಂತಿದ್ದೀಯಲ್ಲೋ!"

ಎರ್ಮೆಕ್ ನನ್ನ ಪಕ್ಕದಲ್ಲೇ ಇದ್ದ. ಬೆನ್ನಿಗೆ ಗಾಳಿಯ ಸಿಲಿಂಡರು ಏರಿಸಿಯಾಗಿತ್ತು. ಹೊಗೆಯೊಳಗೆ ಒಬ್ಬನನ್ನೇ ಕಳಿಸಬಾರದು. ಇದು ನಮ್ಮ ಕೆಲಸದ ಮೊದಲ ಪಾಠ. ಕನಿಷ್ಠ ಇಬ್ಬರು, ಸಾಧ್ಯವಾದರೆ ಮೂವರು. ನಾನು ಇಪ್ಪತ್ತೆರಡು ವರ್ಷ ಬೇರೆಯವರಿಗೆ ಈ ಪಾಠ ಹೇಳಿಕೊಟ್ಟವನು. ಜೊತೆಗೆ ನಾನು ಹೋಗಿದ್ದರೆ ಬಾಗಿಲಲ್ಲಿ ನಿಲ್ಲಲು ಯಾರೂ ಇರುತ್ತಿರಲಿಲ್ಲ. ಎರಡನೆಯ ಗಾಡಿಗೆ ಎರಡು ಸಲ ಕರೆ ಮಾಡಿದೆ. "ಚೌಕ ಅರ್ಧ ಆಗಿದೆ ಬಾಯ್ಕೆ, ಬಿಟ್ಟು ಬರೋಕೆ ಮೇಲಿನವರ ಅಪ್ಪಣೆ ಬೇಕು" ಎಂದರು. ಮೇಲಿನವರೆಂದರೆ ನೀವು. ಅಪ್ಪಣೆ ಎರಡೂ ನಲವತ್ತಕ್ಕೆ ಬಂತು.

ನಮ್ಮಲ್ಲೊಂದು ಪದ್ಧತಿ ಇದೆ. ಕೇಳಿದ ಮಟ್ಟಿಗೆ ನೀವೂ ಒಂದು ಕಾಲದಲ್ಲಿ ಉಸಿರಾಟದ ಮುಖವಾಡ ಹಾಕಿ ಹೊಗೆಗೆ ಇಳಿದವರೇ, ಆದ್ದರಿಂದ ನಿಮಗೂ ಗೊತ್ತು. ಆದರೆ ಈ ಪತ್ರವನ್ನು ಊರವರೂ ಓದುತ್ತಾರೆ, ಅವರಿಗಾಗಿ ಹೇಳುತ್ತೇನೆ. ಒಳಗೆ ಹೋಗುವವನು ತನ್ನ ಹೆಸರಿನ ತಗಡಿನ ಬಿಲ್ಲೆಯನ್ನು ಬಾಗಿಲಲ್ಲಿ ನಿಂತವನ ಕೈಗೆ ಕೊಡಬೇಕು. ಬಾಗಿಲಲ್ಲಿ ನಿಂತವನು ಹೆಸರು, ಹೊತ್ತು, ಸಿಲಿಂಡರಿನಲ್ಲಿರುವ ಗಾಳಿಯ ಒತ್ತಡ ಇಷ್ಟನ್ನು ಪುಸ್ತಕದಲ್ಲಿ ಬರೆಯಬೇಕು. ಹೊರಗೆ ಬಂದವನು ಬಿಲ್ಲೆ ಕೇಳಿ ವಾಪಸು ತೆಗೆದುಕೊಳ್ಳಬೇಕು. ಕೈಯಲ್ಲಿ ಬಿಲ್ಲೆ ಉಳಿದಿದ್ದರೆ ಒಳಗೆ ಮನುಷ್ಯ ಉಳಿದಿದ್ದಾನೆ ಎಂದೇ ಅರ್ಥ. ಎರ್ಮೆಕ್ ತನ್ನ ಬಿಲ್ಲೆ ಬಿಚ್ಚಿ ನನ್ನ ಅಂಗೈಗೆ ಇಟ್ಟ. ನಾನು ಬರೆದೆ: ಎರಡೂ ಇಪ್ಪತ್ತೊಂದು, ಇನ್ನೂರ ಎಂಬತ್ತು. ಹೇಳಿ ಮಾನ್ಯರೇ, ಆದೇಶಕ್ಕೆ ಕಾಯದೆ ತಾನಾಗಿ ನುಗ್ಗುವ ವೀರ ಎಲ್ಲಾದರೂ ಬಿಲ್ಲೆ ಕೊಟ್ಟು, ಒತ್ತಡ ಬರೆಸಿ, ಸರದಿಯಲ್ಲಿ ನುಗ್ಗುತ್ತಾನೆಯೇ?

ಆ ಪುಸ್ತಕ ತನಿಖೆಗೆಂದು ನಿಮ್ಮ ಕಚೇರಿಗೆ ಹೋಯಿತು. ನೀರು ಬಿದ್ದು ಆ ದಿನದ ಪುಟದ ಅಕ್ಷರ ಅಳಿಸಿದೆ ಎಂದು ವರದಿ ಹೇಳುತ್ತದೆ. ನಾವು ಪೆನ್ಸಿಲಿನಲ್ಲಿ ಬರೆಯುತ್ತೇವೆ, ಮಾನ್ಯರೇ. ನಮ್ಮ ಕೆಲಸದಲ್ಲಿ ನೀರು ಬೀಳುತ್ತದೆ ಎಂದು ಗೊತ್ತಿದ್ದೇ ಪೆನ್ಸಿಲಿನಲ್ಲಿ ಬರೆಯುತ್ತೇವೆ. ನೀರಿಗೆ ಅಳಿಯುವುದು ನಿಮ್ಮ ಕಚೇರಿಯ ಶಾಯಿ.

ಎರಡೂ ಮೂವತ್ತಮೂರಕ್ಕೆ ಗೋದಾಮಿನ ಅಟ್ಟ ಕುಸಿಯಿತು. ಅದರ ಮೇಲೆ ಚಳಿಗಾಲದ ಕೋಟುಗಳಿಗೆ ತುಂಬುವ ಅರಳೆ ಇತ್ತು. ಬೇಲಿಯಾಚೆ ಜನ ಹಿಂದಕ್ಕೆ ಸರಿದರು. ಒಬ್ಬಳು ಶಾಯಿರ್ ಎಜೆಯ ಹೆಸರು ಹಿಡಿದು ಗೋಳೋ ಎಂದಳು. ಆಗ ಜನರ ಹಿಂದಿನಿಂದ ಒಂದು ಧ್ವನಿ, "ಇಲ್ಲಿದ್ದೀನಲ್ಲೇ! ಯಾಕೆ ನನ್ನ ಹೆಸರು ಹಿಡಿದು ಅಳ್ತೀಯಾ? ಏನಾಯ್ತು?" ಎಂದಿತು. ಹಬ್ಬದ ಅಡುಗೆಗೆ ಕ್ಯಾರೆಟ್ ತರಲು ಅವಳು ಬಜಾರಿಗೆ ಹೋಗಿದ್ದಳು. ಬಂದು ಕಾಲು ಗಂಟೆಯಾಗಿತ್ತು. ಚೀಲ ಹಿಡಿದುಕೊಂಡು ಎಲ್ಲರ ಜೊತೆ ಬೆಂಕಿ ನೋಡುತ್ತ ನಿಂತಿದ್ದಳು. ಒಳಗೆ ತನ್ನನ್ನೇ ಹುಡುಕುತ್ತಿದ್ದಾರೆಂದು ಅವಳಿಗೆ ಯಾರು ಹೇಳಬೇಕು? ಒಳಗೆ ಎರ್ಮೆಕ್ ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ಬಿಲ್ಲೆ ನನ್ನ ಅಂಗೈಯಲ್ಲಿತ್ತು. ಬಿಸಿಯಾಗಿತ್ತೋ ತಣ್ಣಗಿತ್ತೋ ನನಗೆ ಗೊತ್ತಾಗಲಿಲ್ಲ, ಅವತ್ತಿನಿಂದ ಯಾವುದೂ ಗೊತ್ತಾಗುತ್ತಿಲ್ಲ.

ಮಣ್ಣಿಗೆ ನೀವು ಬಂದಿರಲಿಲ್ಲ, ಹೂಮಾಲೆ ಬಂದಿತ್ತು. ಸತ್ತವನ ಅಂಗಳಕ್ಕೆ ಗಂಡಸರು ಹೇಗೆ ಕಾಲಿಡಬೇಕೆಂದು ನಿಮಗೆ ನೆನಪಿದೆಯಲ್ಲವೇ? ಬೀದಿಯ ತುದಿಯಿಂದಲೇ "ಅಯ್ಯೋ ನನ್ನ ಒಡಹುಟ್ಟೇ" ಎಂದು ದೊಡ್ಡ ದನಿ ತೆಗೆದು, ಸೊಂಟ ಬಗ್ಗಿಸಿ, ಅತ್ತುಕೊಂಡೇ ಬರಬೇಕು. ಅಳದೆ ಬರುವವನು ದಾರಿಹೋಕ. ನಾನೂ ಸಾಪಾರನೂ ಜೊತೆಗೆ ಹೊರಟೆವು. ನಾನು ಬಾಯಿ ತೆರೆದೆ, ದನಿ ಹೊರಡಲಿಲ್ಲ. ಸಾಪಾರ್ ಒಮ್ಮೆ ನನ್ನ ಮುಖ ನೋಡಿದ. ಆಮೇಲೆ ಇಬ್ಬರು ಅಳುವಷ್ಟು ದನಿಯಲ್ಲಿ ಅವನೊಬ್ಬನೇ ಅತ್ತ, ಬಾಗಿಲ ತನಕ ನನ್ನ ತೋಳು ಬಿಡಲಿಲ್ಲ. ಸಂಜೆ ದನಿ ಕುಸಿದು, "ಇಬ್ಬರ ಪಾಲಿನದ್ದೂ ಅತ್ತು ಗಂಟಲು ಹರಿದುಹೋಯ್ತು. ಒಂದು ಬಟ್ಟಲು ಚಹಾನಾದ್ರೂ ಸುರಿ ಮಾರಾಯಾ" ಎಂದ. ನನ್ನ ಮಟ್ಟಿಗೆ ಈ ವರ್ಷದಲ್ಲಿ ಯಾರಾದರೂ ಧೈರ್ಯ ತೋರಿಸಿದ್ದರೆ ಅದು ಆ ಅಂಗಳದಲ್ಲಿ. ನಿಮ್ಮ ಪುಸ್ತಕದಲ್ಲಿ ಅದಕ್ಕೊಂದು ಪುಟ ಇದೆಯೇ?

ಹೆಣ ಎತ್ತುವ ಮುಂಚೆ ಎರ್ಮೆಕ್‌ನ ಚಿಕ್ಕಪ್ಪ ಆಸಾನಕುನ್ ಎದ್ದು ನಿಂತು ಪದ್ಧತಿಯಂತೆ ಕೇಳಿದರು, "ಎರ್ಮೆಕ್ ಎಂಥ ಮನುಷ್ಯ?" ನೆರೆದವರೆಲ್ಲ "ಒಳ್ಳೆ ಮನುಷ್ಯ" ಎಂದರು. "ಇವನ ವಿಷಯದಲ್ಲಿ ಯಾರಿಗಾದ್ರೂ ಏನಾದ್ರೂ ಹೇಳೋದಿದ್ರೆ ಈಗ ಹೇಳಿಬಿಡಿ. ಮಣ್ಣು ಹಾಕಿದ್ಮೇಲೆ ಹೇಳಿ ಉಪಯೋಗ ಇಲ್ಲ" ಎಂದರು. ನಾನು ಹೇಳಬೇಕಾಗಿದ್ದದ್ದು ಅಲ್ಲಿ. ನಾನು ಕಳಿಸಿದೆ ಎಂಬ ಎರಡು ಪದ. ಅದನ್ನು ಹೇಳಿದ್ದರೆ ಮುನ್ನೂರು ಜನ ಸಾಕ್ಷಿಯಾಗುತ್ತಿದ್ದರು, ನಿಮ್ಮ ಕಾಗದಕ್ಕೆ ಆ ವಾಕ್ಯ ಏರುತ್ತಲೇ ಇರಲಿಲ್ಲ. ನಾನು ನೆಲ ನೋಡುತ್ತ ನಿಂತೆ. ಈ ತಪ್ಪು ನಿಮ್ಮದಲ್ಲ, ನನ್ನದು. ಒಪ್ಪಿಕೊಳ್ಳುತ್ತೇನೆ.

ಇಪ್ಪತ್ತು ದಿನದ ಮೇಲೆ ನಿಮ್ಮ ಕಚೇರಿಯ ಒಬ್ಬ ಅಧಿಕಾರಿ ಫೋನು ಮಾಡಿದರು. ಒಳ್ಳೆಯ ದನಿ, ಅನುಭವಸ್ಥರು. "ನೋಡಪ್ಪಾ ಮುಕಾಂಬೆತ್, ಆದೇಶ ಕೊಟ್ಟೆ ಅಂತ ನೀನು ಬರೆದುಕೊಟ್ರೆ ನಿನ್ನ ಮೇಲೆ ಕೇಸು. ಒಬ್ಬನನ್ನೇ ಯಾಕೆ ಕಳಿಸಿದೆ ಅಂತ ಕೇಳ್ತಾರೆ. ಉಳಿದವರು ಎಲ್ಲಿದ್ರು ಅಂತ ಕೇಳ್ತಾರೆ. ಚೌಕದ ವಿಷಯ ಬರುತ್ತೆ. ಅದೇ ಅವನಾಗೇ ಹೋದ ಅಂತ ಆದ್ರೆ ಅವನಿಗೆ ಪದಕ, ನಿನಗೆ ನೆಮ್ಮದಿ, ಊರಿಗೆ ಹೆಸರು. ಯಾರಿಗೆ ನಷ್ಟ, ನೀನೇ ಹೇಳು" ಎಂದರು. ನಾನು ಯೋಚಿಸಿದೆ. ಯಾರಿಗೂ ನಷ್ಟ ಕಾಣಲಿಲ್ಲ. ಹೂಂ ಎಂದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ನಷ್ಟ ಯಾರಿಗೆಂದು ತಿಳಿಯಲು ನನಗೆ ಒಂದು ಬೇಸಿಗೆ ಹಿಡಿಯಿತು. ಪ್ರತಿ ಗುರುವಾರ ಎರ್ಮೆಕ್‌ನ ಮನೆಯಲ್ಲಿ ಅವನಿಗಾಗಿ ಎಣ್ಣೆ ಕಾಯಿಸಿ ಬೊರ್ಸೋಕ್ ಕರಿಯುತ್ತಾರೆ. ಕರಿದ ಹಿಟ್ಟಿನ ವಾಸನೆ ಸತ್ತವರನ್ನು ತಲುಪುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಮೊದಲ ಗುರುವಾರವೇ ಹಿಟ್ಟಿನ ಚೀಲ, ಎಣ್ಣೆಯ ಡಬ್ಬಿ ಹೊತ್ತು ಶಾಯಿರ್ ಎಜೆ ಅವರ ಗೇಟಿನ ಹೊರಗೆ ನಿಂತಿದ್ದಳಂತೆ, ಒಳಗೆ ಬರಲು ಕಾಲು ಬಾರದೆ. ಎರ್ಮೆಕ್‌ನ ಹೆಂಡತಿ ಕಾಲಿಪಾ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಂದು ಗೇಟು ತೆಗೆದು, "ಒಳಗೆ ಬಾ ಎಜೆ. ನಿನ್ನದೇನು ತಪ್ಪು? ನೀನು ಕ್ಯಾರೆಟ್ ತರೋಕೆ ಹೋಗಿದ್ದೆ" ಎಂದಳಂತೆ. ಅಂದಿನಿಂದ ಒಂದು ಗುರುವಾರವೂ ತಪ್ಪಿಲ್ಲ. ಶಾಯಿರ್ ಎಜೆ ಕರಿಯುತ್ತಾಳೆ, ಕಾಲಿಪಾ ಹಿಟ್ಟು ಕತ್ತರಿಸಿಕೊಡುತ್ತಾಳೆ. ನಾನೂ ಸಾಪಾರನೂ ಸೌದೆ ಒಡೆದುಕೊಡಲು ಹೋಗುತ್ತೇವೆ.

ಅಲ್ಲಿ ಒಂದು ದಿನ ಪದಕ ಎಲ್ಲಿದೆ ಎಂದು ಸಾಪಾರ್ ಕೇಳಿದ. ಗೋಡೆಯ ಮೇಲೆ ಕಾಣಲಿಲ್ಲ. "ಗುಂಡಿ ದಾರದ ಡಬ್ಬಿಲಿ ಹಾಕಿದ್ದೀನಿ" ಎಂದಳು ಕಾಲಿಪಾ. ಕೈ ಹಿಟ್ಟಿನಲ್ಲೇ ಇತ್ತು, ತಲೆ ಎತ್ತಲಿಲ್ಲ. "ನನಗೆ ಎಜೆ ಮೇಲೆ ಸಿಟ್ಟಿಲ್ಲ. ಬೆಂಕಿ ಮೇಲೂ ಇಲ್ಲ. ಅವನ ಮೇಲೆ ಇದೆ. ಯಾರೂ ಹೇಳದೆ, ಯಾರೂ ಕೇಳದೆ, ತಾನಾಗೇ ನುಗ್ಗಿದನಂತೆ. ಹತ್ತು ತಿಂಗಳ ಮಗು ಮನೇಲಿತ್ತು. ಒಂದು ಕ್ಷಣ ಆದ್ರೂ ನಮ್ಮ ನೆನಪಾಗಲಿಲ್ವಾ ಅವನಿಗೆ? ವೀರ ಅಂತೆ. ನಮ್ಮನ್ನ ಬಿಟ್ಟುಹೋಗೋಕೆ ಅಷ್ಟು ಅವಸರ ಇತ್ತಾ?"

ಮಾನ್ಯರೇ, ನಿಮ್ಮ ಪದಕ ಆ ಮನೆಯೊಳಗೆ ಮಾಡಿದ ಕೆಲಸ ಇದು. ಗಂಡ ಸತ್ತದ್ದು ಸಾಲದೆಂದು, ಅವನು ತನ್ನನ್ನು ಬಿಟ್ಟು ಓಡಿದ ಎಂದೂ ಅವಳು ನಂಬಬೇಕು. ಗಾಯದ ಮೇಲೆ ಬರೆ ಎಂದರೆ ಇದೇ ಅಲ್ಲವೇ? ನಾನು ಕೊಡಲಿ ಕೆಳಗಿಟ್ಟು ಹೇಳಿಬಿಟ್ಟೆ. "ಕಾಲಿಪಾ, ಅವನಾಗಿ ಹೋಗಲಿಲ್ಲ. ನಾನು ಕಳಿಸಿದೆ." ಅವಳು ನನ್ನ ಮೇಲೆ ಎರಗುತ್ತಾಳೆ ಎಂದುಕೊಂಡೆ. ಎರಗಲಿ ಎಂದೇ ಇತ್ತು. ಅವಳು ಕರುಣೆಯಿಂದ ನೋಡಿದಳು. "ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯಾ ಬಾಯ್ಕೆ. ನೀನು ಒಳ್ಳೆಯವನು. ಆದ್ರೆ ಕಾಗದದಲ್ಲಿ ಹಾಗಿಲ್ಲವಲ್ಲ. ಮುದ್ರೆ ಇರೋ ಕಾಗದ ಸುಳ್ಳು ಹೇಳುತ್ತಾ?" ಎಂದಳು. ಸಾಪಾರ್ ಸಾಕ್ಷಿ ಹೇಳಿದ. ಅವನನ್ನೂ ಹಾಗೇ ನೋಡಿದಳು. "ಇಬ್ಬರೂ ಮಾತಾಡಿಕೊಂಡು ಬಂದಿದ್ದೀರಾ" ಎಂದು ಹಿಟ್ಟಿಗೆ ಕೈ ಹಾಕಿದಳು.

ಹೀಗಾಗಿ ನನ್ನ ನಿಜಕ್ಕೆ ನಿಮ್ಮ ಮುದ್ರೆ ಬೇಕಾಗಿದೆ. ಎಂಥ ಗತಿ ನೋಡಿ. ಸುಳ್ಳು ಹೇಳಿದವರ ಹತ್ತಿರವೇ ನಿಜಕ್ಕೆ ಠಸ್ಸೆ ಹಾಕಿಸಿಕೊಳ್ಳಬೇಕು. ಇಲ್ಲದಿದ್ದರೆ ಮುಂದಿನ ವಾರ ಆ ವಾಕ್ಯ ಕಲ್ಲಿಗೆ ಏರುತ್ತದೆ. ಆ ಮಗು ಇನ್ನು ಐದು ವರ್ಷಕ್ಕೆ ಅಕ್ಷರ ಕಲಿತು, ಶಾಲೆಗೆ ಹೋಗುವ ದಾರಿಯಲ್ಲಿ ನಿಂತು ಅದನ್ನು ಕೂಡಿಸಿ ಓದುತ್ತದೆ. ಸ್ವ-ಇಚ್ಛೆ-ಯಿಂದ. ಮನೆಗೆ ಹೋಗಿ ತಾಯಿಯನ್ನು ಅರ್ಥ ಕೇಳುತ್ತದೆ. ಕಾಲಿಪಾ ಏನು ಹೇಳಬೇಕು?

ನಿಮ್ಮ ನಾಲ್ಕನೆಯ ಪ್ರಶ್ನೆಗೆ ಉತ್ತರ ಬೇಕೇ ಬೇಕೆಂದರೆ ಬರೆದುಕೊಳ್ಳಿ, ಐದು ಸಾಲು ಮೀರುವುದಿಲ್ಲ. ನನಗೆ ಯಾವ ಅರ್ಥವೂ ಸಿಗಲಿಲ್ಲ. ಕರೆ ಬಂದಾಗ ಕಾಲು ಈಗಲೂ ಬೂಟಿಗೆ ಹೋಗುತ್ತದೆ, ಗಾಡಿ ಏರುತ್ತೇನೆ. ಬೆಂಕಿಯ ಮುಂದೆ ನಿಲ್ಲುವಷ್ಟು ಧೈರ್ಯ ಇಪ್ಪತ್ತೆರಡು ವರ್ಷದ ಹಿಂದೆ ಸಮವಸ್ತ್ರದ ಜೊತೆ ಕೊಟ್ಟಿದ್ದರು, ಅದು ಇನ್ನೂ ಸವೆದಿಲ್ಲ. ಆದರೆ ಈ ಪತ್ರ ಬರೆಯುವಷ್ಟು ಧೈರ್ಯ ಒಟ್ಟುಮಾಡಲು ಒಂದು ವರ್ಷ ಬೇಕಾಯಿತು. ಈಗ ನಾನು ಒಬ್ಬನನ್ನೇ ಯಾವ ಬಾಗಿಲಿಗೂ ಕಳಿಸುವುದಿಲ್ಲ. ಯಾರು ಅಪ್ಪಣೆ ಕೊಟ್ಟರೂ, ಯಾವ ಚೌಕ ಕೊಳೆಯಾಗಿ ಉಳಿದರೂ ಕಳಿಸುವುದಿಲ್ಲ. ಇದಕ್ಕೆ ಆಳ ಇದೆಯೋ ಇಲ್ಲವೋ ನೀವೇ ಅಳೆದುಕೊಳ್ಳಿ.

ನನ್ನ ಬೇಡಿಕೆ ಒಂದೇ. ಕಲ್ಲು ಕೆತ್ತುವವನು ಉಳಿ ಎತ್ತುವ ಮುಂಚೆ ಆ ವಾಕ್ಯ ತೆಗೆಯಿರಿ. ಅದರ ಜಾಗದಲ್ಲಿ ಹೀಗೆ ಹಾಕಿಸಿ: "ದಳದ ನಾಯಕನ ಆದೇಶದ ಮೇರೆಗೆ, ಜೊತೆಗೆ ಯಾರೂ ಇಲ್ಲದ ಕಾರಣ ಒಬ್ಬನೇ, ಒಳಗೆ ಹೋದ." ಇದೇ ಮಾತನ್ನು ಬೇರೆ ಕಾಗದದಲ್ಲಿ ಬರೆಸಿ, ಮುದ್ರೆ ಒತ್ತಿ, ಕಾಲಿಪಾಗೆ ಕೈಯಾರೆ ಕೊಡಿ. ಜಾಗ ಸಾಲದಿದ್ದರೆ ವೀರ ಎಂಬ ಪದ ತೆಗೆದು ಜಾಗ ಮಾಡಿಕೊಳ್ಳಿ, ಎರ್ಮೆಕ್ ಬೇಜಾರು ಮಾಡಿಕೊಳ್ಳುವವನಲ್ಲ. ಕೇಸು ಹಾಕುವುದಿದ್ದರೆ ಹಾಕಿ. ನಾನು ಎಲ್ಲಿಗೂ ಓಡುವುದಿಲ್ಲ, ಗುರುವಾರ ಬಿಟ್ಟು ಉಳಿದ ದಿನ ಠಾಣೆಯಲ್ಲೇ ಇರುತ್ತೇನೆ.

ಇನ್ನೊಂದು ಮಾತಿದೆ. ಇದನ್ನು ನಾನು ಕಾಲಿಪಾಗೂ ಹೇಳಿಲ್ಲ, ಸಾಪಾರನಿಗೂ ಹೇಳಿಲ್ಲ. ಅವಳ ಮುಖ ನೋಡಿಕೊಂಡು ಹೇಳಲು ನನ್ನಿಂದ ಆಗುವುದಿಲ್ಲ, ಅದಕ್ಕೇ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಒಳಗೆ ಹೋಗು ಎಂದಾಗ ಎರ್ಮೆಕ್ ಒಮ್ಮೆ ಬಾಗಿಲು ನೋಡಿದ, ಒಮ್ಮೆ ನನ್ನನ್ನು ನೋಡಿದ. "ಒಬ್ಬನೇನಾ ಬಾಯ್ಕೆ?" ಎಂದ. ಹೂಂ ಎಂದೆ. ಅವನಿಗೆ ಹೆದರಿಕೆಯಾಗಿತ್ತು, ಮುಚ್ಚಿಡಲಿಲ್ಲ. ಬಿಲ್ಲೆ ಕೊಟ್ಟ. ಮುಖವಾಡ ಹಣೆಗೆ ಏರಿಸಿಕೊಂಡವನು ಅಲ್ಲೇ ನಿಂತು, "ಕಾಲಿಪಾಗೆ ಒಂದ್ಸಲ ಫೋನ್ ಮಾಡಿಬಿಡ್ಲಾ? ಒಂದೇ ನಿಮಿಷ" ಎಂದ. ಹೊತ್ತು ಮೀರುತ್ತಿದೆ ಎಂದುಕೊಂಡೆ. ಒಳಗೆ ಒಬ್ಬ ಹೆಂಗಸು ಉಸಿರುಗಟ್ಟುತ್ತಿದ್ದಾಳೆ ಎಂದುಕೊಂಡೆ. "ಬಂದ್ಮೇಲೆ ಮಾಡು" ಎಂದೆ.

ಅವನು ಸರಿ ಎಂದು ಮುಖವಾಡ ಇಳಿಸಿಕೊಂಡ.

ಇಂತಿ,
ಆ ಒಂದು ನಿಮಿಷ ಕೊಡದವನು,
ಮುಕಾಂಬೆತ್
ದಳದ ನಾಯಕ, ತೋರ್ತ್-ತೆರೆಕ್ ಅಗ್ನಿಶಾಮಕ ಠಾಣೆ